ಕಾನಿನ ಊರಲ್ಲಿ ಮುಗಿಯದ ಓದು

ಡಿಸೆಂಬರ್ ಹತ್ತಿರವಾದಂತೆ ಸೊರಬ ಸೀಮೆಯಲ್ಲಿ ಎಲ್ಲ ಕೆಲಸವೂ ಒಟ್ಟಿಗೇ ಬರುತ್ತದೆ. ಗದ್ದೆಯಲ್ಲಿ ಭತ್ತದ ಕೊಯ್ಲು, ತೋಟದಲ್ಲಿ ಕೊನೆಗಾರನ ಕೂಗು, ಅಂಗಳದಲ್ಲಿ ರಾತ್ರಿ ಹನ್ನೊಂದಾದರೂ ಮುಗಿಯದ ಅಡಿಕೆ ಸುಲಿತ. ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ಕೇರಿಯ ತುದಿಯವರೆಗೂ ಹರಡುತ್ತದೆ. ಮಳೆಗಾಲದಲ್ಲಿ ಕೆಂಪಗೆ ಹರಿದ ದಂಡಾವತಿ ತಿಳಿಯಾಗಿ ತಗ್ಗಿಗೆ ಇಳಿದಿರುತ್ತದೆ. ಪಟ್ಟಣದಿಂದ ಆನವಟ್ಟಿ, ಜಡೆಯ ದಿಕ್ಕಿಗೆ ಹೊರಟರೆ ನೆಲ ಬಿಚ್ಚಿಕೊಂಡು ಹೊಲಗಳು ಕಾಣುತ್ತವೆ. ಚಂದ್ರಗುತ್ತಿಯ ಕಡೆಗೋ ಸಾಗರದ ಕಡೆಗೋ ತಿರುಗಿದರೆ ಕಾನು ದಟ್ಟವಾಗುತ್ತ ಹೋಗುತ್ತದೆ.

ಸೊರಬದ ಕಾನುಗಳು ಹೆಸರುವಾಸಿ. ಊರಿನ ಬೆನ್ನಿಗೇ ನಿಂತ ನಿತ್ಯಹಸಿರಿನ ಮರಗಳು, ಅವಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬೈನೆ, ಹಲಸು, ದಾಲ್ಚಿನ್ನಿ. ಕಾನಿನ ಅಂಚಿನಿಂದ ಈಚೆಗೆ ಸೊಪ್ಪಿನಬೆಟ್ಟ. ಚಳಿ ಬಿದ್ದು ಎಲೆ ಉದುರಿದ ಮೇಲೆ ಕೊಟ್ಟಿಗೆಗೆ ಹಾಸಲು, ತೋಟದ ಬುಡಕ್ಕೆ ಹಾಕಲು ದರಕು ಬೇಕು. ಹೆಂಗಸರು ಹೆಡಿಗೆ ಹಿಡಿದು ಬೆಳಿಗ್ಗೆಯೇ ಹೊರಡುತ್ತಾರೆ. ಸೌದೆಗೆ ಹೋಗುವವರು, ದನ ಬಿಡುವವರು, ಜೇನು ಹುಡುಕುವವರು ಎಲ್ಲರ ದಾರಿಯೂ ಅದೇ. ಒಣಗಿದ ಎಲೆಯ ಅಡಿಯಲ್ಲಿ, ಗಸಗಸೆ ಕಾಳಿನಷ್ಟು ಸಣ್ಣದಾಗಿ, ಉಣುಗಿನ ಮರಿಗಳು ಮೈಗೆ ಹತ್ತಲು ಕಾದಿರುವ ಕಾಲವೂ ಇದೇ.

ಈ ಹೊತ್ತಿಗೆ ತಾಲ್ಲೂಕಿನ ವೈದ್ಯರಿಗೂ ಒಂದು ಪಾಠದ ದಿನ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳು, ತಾಲ್ಲೂಕು ಆಸ್ಪತ್ರೆಯವರು, ಪಟ್ಟಣದಲ್ಲಿ ಸ್ವಂತ ಕ್ಲಿನಿಕ್ ನಡೆಸುವವರು ಒಂದು ಹಾಲ್‌ನಲ್ಲಿ ಸೇರುತ್ತಾರೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಹಾಜರಿ ಪುಸ್ತಕ. ಹೆಸರು, ನೋಂದಣಿ ಸಂಖ್ಯೆ, ಸಹಿ, ಬಂದ ಹೊತ್ತು. ಗೋಡೆಗೆ ಬಿಳಿ ಪರದೆ, ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಹೊಂದದ ವೈರಿನೊಂದಿಗೆ ಒದ್ದಾಡುವ ಹುಡುಗ, ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಟೀ. ಮುಂದಿನ ಸಾಲಿನಲ್ಲಿ ತಲೆ ನರೆತವರು, ಹಿಂದಿನ ಸಾಲಿನಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆಂದು ದೂರದ ಊರುಗಳಿಂದ ಬಂದ ಹುಡುಗ ಹುಡುಗಿಯರು. ಮೊಬೈಲ್ ಮೇಜಿನ ಮೇಲೇ ಇರುತ್ತದೆ. ಹೆರಿಗೆ ಕೇಸು ಬಂತು ಎಂದು ಯಾವ ಗಳಿಗೆಯಲ್ಲೂ ಕರೆ ಬರಬಹುದು.

ಇದನ್ನು ಸಿಎಂಇ ಎನ್ನುತ್ತಾರೆ. ಎಂಬಿಬಿಎಸ್ ಮುಗಿಸಿ ಹೆಸರು ನೋಂದಾಯಿಸಿಕೊಂಡ ಮೇಲೂ ವೈದ್ಯರು ಬಿಡದೆ ಮಾಡಬೇಕಾದ ಓದು. 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತಂದ ವೃತ್ತಿ ನಡತೆಯ ನಿಯಮಗಳಲ್ಲಿ ಈ ಮಾತು ಸ್ಪಷ್ಟವಾಗಿದೆ: ಪ್ರತಿ ಐದು ವರ್ಷಕ್ಕೆ ಕಡಿಮೆಯೆಂದರೂ 30 ಗಂಟೆ ಇಂಥ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕು, ಪಾಲ್ಗೊಂಡದ್ದನ್ನು ಪರಿಷತ್ತಿಗೆ ತಿಳಿಸುತ್ತಿರಬೇಕು. ನಮ್ಮ ರಾಜ್ಯದಲ್ಲಿ 1961ರ ನೋಂದಣಿ ಕಾಯ್ದೆಯ ಕೆಳಗೆ ಕೆಲಸ ಮಾಡುವ ಕರ್ನಾಟಕ ವೈದ್ಯಕೀಯ ಪರಿಷತ್ತು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಇಂಥ ಕಾರ್ಯಕ್ರಮಗಳಿಂದ ಗಳಿಸಿದ 30 ಅಂಕ ಕೇಳುತ್ತದೆ. ಹಾಗಾಗಿ ಪ್ರತಿಯೊಬ್ಬ ವೈದ್ಯರ ಮನೆಯಲ್ಲೂ ಒಂದು ಫೈಲು ಇರುತ್ತದೆ. ಅದರೊಳಗೆ ಬಣ್ಣದ ಅಂಚಿನ ಪ್ರಮಾಣಪತ್ರಗಳು: ಶಿವಮೊಗ್ಗದಲ್ಲಿ ಮಧುಮೇಹದ ಮೇಲೆ, ಹುಬ್ಬಳ್ಳಿಯಲ್ಲಿ ಹೃದಯದ ಮೇಲೆ, ಮಣಿಪಾಲದಲ್ಲಿ ಮಿದುಳು ಜ್ವರದ ಮೇಲೆ. ಒಂದೊಂದರ ಮೂಲೆಯಲ್ಲೂ ಎಷ್ಟು ಅಂಕ ಎಂಬ ಬರಹ.

ಕಾಗದದ ಮೇಲೆ ಇದು ಆಡಳಿತದ ವಿಷಯ. ಸೊರಬದಲ್ಲಿ ನಿಂತು ನೋಡಿದರೆ ಇದಕ್ಕೆ ಬೇರೆಯೇ ತೂಕ ಬರುತ್ತದೆ. ವೈದ್ಯರ ಓದು ಕಾಲೇಜಿನಲ್ಲಿ ಮುಗಿಯುವುದಿಲ್ಲ ಎಂಬುದಕ್ಕೆ ಈ ತಾಲ್ಲೂಕಿನಷ್ಟು ಗಟ್ಟಿ ಸಾಕ್ಷಿ ಹುಡುಕಿದರೂ ಸಿಗುವುದು ಕಷ್ಟ. ಇಲ್ಲಿನ ಕ್ಯಾಸನೂರು ಎಂಬ ಹಳ್ಳಿಯ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಒಂದು ರೋಗದ ಹೆಸರಾಗಿ ಕೂತಿದೆ.

1956, 57ರ ಆ ದಿನಗಳನ್ನು ಕಲ್ಪಿಸಿಕೊಳ್ಳಿ. ಕಾಡಂಚಿನ ಹಳ್ಳಿಗಳಲ್ಲಿ ಒಂದು ಜ್ವರ ಶುರುವಾಯಿತು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ಮಲಗಿದರು. ತಲೆ ಸಿಡಿಯುವ ನೋವು, ಮೈಯೆಲ್ಲ ಹಿಂಡಿದಂಥ ನೋವು, ಕೆಂಪಾದ ಕಣ್ಣು, ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ನೋಡಿದ ವೈದ್ಯರಿಗೆ ಮೊದಲು ಹೊಳೆದದ್ದು ವಿಷಮಶೀತಜ್ವರ, ಅಂದರೆ ಟೈಫಾಯ್ಡ್. ಅವರು ಓದಿದ ಪುಸ್ತಕಗಳಲ್ಲಿ ಇದಕ್ಕೆ ಹತ್ತಿರವಾಗಿ ಇದ್ದದ್ದು ಅದೇ. ಆದರೆ ಊರವರು ಬೇರೊಂದನ್ನು ಗಮನಿಸಿದ್ದರು: ಕಾನಿನಲ್ಲಿ ಮಂಗಗಳು ಸಾಯುತ್ತಿದ್ದವು. ಮುಸುವ, ಕೋಡಗ ಎರಡೂ ಮರದಿಂದ ಉದುರಿ ಬೀಳುತ್ತಿದ್ದವು, ಅದರ ಬೆನ್ನಿಗೇ ಮನುಷ್ಯರಿಗೆ ಜ್ವರ ಬರುತ್ತಿತ್ತು. ಊರವರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಪ್ರಯೋಗಾಲಯ ವೈರಸ್ಸನ್ನು ಹಿಡಿಯುವ ಮೊದಲೇ ರೋಗದ ಮುಖ್ಯ ಸುಳಿವು ದರಕು ಹೊರುವವರ ಬಾಯಲ್ಲಿತ್ತು.

ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾದ ವೈರಸ್ ಸಂಶೋಧನಾ ಕೇಂದ್ರಕ್ಕೆ ಮಂಗಗಳ ಸಾವಿನ ಸುದ್ದಿ ಮುಟ್ಟಿದಾಗ ಅಲ್ಲಿ ದಿಗಿಲು ಹುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹೀಗೆ ಮಂಗ ಸತ್ತು ಮನುಷ್ಯರಿಗೆ ಜ್ವರ ಬಂದರೆ ಅದು ಹಳದಿ ಜ್ವರ. ಭಾರತಕ್ಕೆ ಅದು ಕಾಲಿಟ್ಟಿರಲಿಲ್ಲ. ಹರಡಬಲ್ಲ ಸೊಳ್ಳೆ ಮಾತ್ರ ಇಲ್ಲಿ ಎಲ್ಲೆಲ್ಲೂ ಇತ್ತು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮತ್ತು ಅವರ ಸಂಗಡಿಗರು ಇಲ್ಲಿಗೆ ಬಂದರು. 1957ರಲ್ಲಿ ಕ್ಯಾಸನೂರು ಕಾಡಿನಿಂದ ತಂದ ಮಾದರಿಗಳಲ್ಲಿ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಚಳಿ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ದಾಯಾದಿ. ಹೊಸ ವೈರಸ್, ಹೊಸ ರೋಗ. ಕ್ಯಾಸನೂರು ಅರಣ್ಯ ರೋಗ, ಕೆಎಫ್‌ಡಿ, ಎಂಬ ಹೆಸರು ಹಾಗೆ ಬಂತು. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ವರ್ಷಗಟ್ಟಲೆ ಉಣುಗು, ಇಲಿ, ಹಕ್ಕಿ, ದನ ಎಲ್ಲವನ್ನೂ ಪರೀಕ್ಷಿಸಿದರು. ಕಾಡು ಕಡಿದು ಗದ್ದೆ, ತೋಟ ಹೆಚ್ಚಿದಂತೆ, ದನಗಳು ಕಾನಿನೊಳಗೆ ಮೇಯತೊಡಗಿದಂತೆ, ದನದ ಮೈಯಲ್ಲಿ ಬೆಳೆಯುವ ಉಣುಗು ಹೆಚ್ಚಿ ಈ ರೋಗ ಮನುಷ್ಯರ ಮೇಲೆರಗಿತು ಎಂದು ಕೊಲಂಬಿಯಾದಿಂದ ಬಂದಿದ್ದ ಹೋರ್ಹೆ ಬೋಶೆಲ್ 1969ರಲ್ಲಿ ಬರೆದರು.

ಮೈಸೂರಿನಲ್ಲೋ ಮದರಾಸಿನಲ್ಲೋ ಓದಿ 1950ಕ್ಕೆ ಮೊದಲೇ ಡಾಕ್ಟರಾಗಿ ಬಂದವರೊಬ್ಬರು ಆಗ ಇಲ್ಲಿ ಇದ್ದರೆಂದು ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ಅವರು ಮೊದಲ ದರ್ಜೆಯೇ ಪಡೆದಿರಲಿ. ತಮ್ಮ ಎದುರು ಮಲಗಿದ ರೋಗಿಯ ರೋಗದ ಹೆಸರು ಅವರು ಓದಿದ ಯಾವ ಪುಟದಲ್ಲೂ ಇರಲಿಲ್ಲ. ಮುಂದೆ 1970ರ ದಶಕದಲ್ಲಿ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲಿನ ಕೀಲುಗಳನ್ನು ಸವೆಸಿ ಜನರನ್ನು ಕುಳ್ಳಾಗಿಸುವ, ನಡೆಯದಂತೆ ಮಾಡುವ ಮತ್ತೊಂದು ಕಾಯಿಲೆ ಬೆಳಕಿಗೆ ಬಂತು. ಅದಕ್ಕೂ ಊರಿನ ಹೆಸರೇ ಅಂಟಿಕೊಂಡಿತು. ಒಂದೇ ಸೀಮೆ ವೈದ್ಯಕೀಯ ಪುಸ್ತಕಗಳಿಗೆ ಎರಡು ಹೊಸ ಅಧ್ಯಾಯ ಸೇರಿಸಿತು. ಇಂಥ ನೆಲದಲ್ಲಿ ಕೆಲಸ ಮಾಡುವ ವೈದ್ಯರಿಗೆ ಓದು ಮುಂದುವರಿಸುವುದು ಯಾರೋ ಬೆಂಗಳೂರಿನಿಂದ ಹೇರಿದ ಷರತ್ತಾಗಿ ಕಾಣಬಾರದು.

ಇಂದಿನ ಹುಡುಗರ ಸ್ಥಿತಿ ಅಷ್ಟು ಕಷ್ಟದ್ದಲ್ಲ. ಎಂಬಿಬಿಎಸ್ ಓದುವವರೆಲ್ಲ ತಿರುವಿಹಾಕುವ ಪಾರ್ಕ್ ಅವರ ಸಮುದಾಯ ವೈದ್ಯಶಾಸ್ತ್ರದ ಪುಸ್ತಕದಲ್ಲಿ ಕೆಎಫ್‌ಡಿ ಇದೆ. ಕಲಬುರಗಿಯಿಂದಲೋ ಕೋಲಾರದಿಂದಲೋ ಬಂದ ತರುಣ ವೈದ್ಯ ಉಣುಗಿನ ಲ್ಯಾಟಿನ್ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂದು ಬಾಯಿಪಾಠ ಒಪ್ಪಿಸಬಲ್ಲ. ಆದರೆ ಆ ಸಾಲುಗಳನ್ನು ರೋಗಿಯ ಮುಂದೆ ಪ್ರಶ್ನೆಯಾಗಿ ಕೇಳಲು ಬರಬೇಕಲ್ಲ. ಹಾಲ್‌ನ ತರಬೇತಿಯಲ್ಲಿ ಕಲಿಯುವುದು ಇದನ್ನೇ. ಅದು ಫಲ ಕೊಡುವ ಬಗೆಯನ್ನು ನೋಡಬೇಕಾದರೆ ಜನವರಿಯ ಒಂದು ಸೋಮವಾರ ಕಾಡಂಚಿನ ಯಾವುದಾದರೂ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂರಬೇಕು. ಇಂಥ ಮಾತು ಅಲ್ಲಿ ಕಿವಿಗೆ ಬೀಳುತ್ತದೆ:

“ಯಾವಾಗಿಂದ ಜ್ವರ ಅಮ್ಮಾ?”

“ನಾಲ್ಕು ದಿನ ಆತು ಡಾಕ್ಟ್ರೇ. ತಲೆ ಎತ್ತಾಕಾಗಲ್ಲ. ಸೊಂಟ, ಮೀನಖಂಡ ಎಲ್ಲ ಹಿಂಡಿದಂಗಾಗ್ತದೆ. ಒಂದು ಇಂಜೆಕ್ಷನ್ ಹಾಕಿಬಿಡ್ರಿ.”

“ಹಾಕೋಣ, ಇರಿ. ಸೊಪ್ಪಿಗೆ, ದರಕಿಗೆ ಅಂತ ಕಾನಿಗೆ ಹೋಗಿದ್ರಾ ಈಗ ಹತ್ತು ಹದಿನೈದು ದಿನದಲ್ಲಿ?”

“ಹೋಗದಿದ್ರೆ ಕೊಟ್ಟಿಗೆ ನಡೀಬೇಕಲ್ರೀ.”

“ಅಲ್ಲೆಲ್ಲಾದ್ರೂ ಮಂಗ ಸತ್ತು ಬಿದ್ದಿದ್ದು ಕಂಡ್ರಾ?”

ಆಕೆ ಒಂದು ಗಳಿಗೆ ಸುಮ್ಮನಾಗುತ್ತಾಳೆ. “ಕಾಣಲಿಲ್ಲ. ವಾಸನೆ ಬರ್ತಿತ್ತು.”

ವೈದ್ಯರ ಪೆನ್ನು ಅಲ್ಲಿ ನಿಲ್ಲುತ್ತದೆ. ಕೆಳರೆಪ್ಪೆ ಎಳೆದು ಕಣ್ಣು ನೋಡುತ್ತಾರೆ, ಕೆಂಪಾಗಿದೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಅಂಗುಳು ನೋಡುತ್ತಾರೆ. ಅಲ್ಲಿ ಸಣ್ಣ ಗುಳ್ಳೆಗಳಿದ್ದರೆ ಅದೂ ಒಂದು ಸುಳಿವು. ನಾಡಿ ಹಿಡಿದರೆ ಇಷ್ಟು ಜ್ವರಕ್ಕೆ ಇರಬೇಕಾದಷ್ಟು ವೇಗವಿಲ್ಲ. ರಕ್ತದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎಷ್ಟಿವೆ ನೋಡಲು ಚೀಟಿ ಬರೆಯುತ್ತಾರೆ. ಆಕೆ ಕೇಳಿದ ನೋವಿನ ಇಂಜೆಕ್ಷನ್ ಮಾತ್ರ ಹಾಕುವುದಿಲ್ಲ. ಡೈಕ್ಲೋಫೆನಾಕ್ ಚುಚ್ಚಿದರೆ ಈ ರೋಗದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್, ನೀರು, ಗಂಜಿ, ವಿಶ್ರಾಂತಿ, ಬೇಕಾದರೆ ಡ್ರಿಪ್. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ನೂರರಲ್ಲಿ 3ರಿಂದ 5 ಮಂದಿಯನ್ನು ಕಳೆದುಕೊಳ್ಳುವ ಈ ರೋಗದಲ್ಲಿ ಬೇಗ ಗುರುತಿಸುವುದು, ತಪ್ಪು ಇಂಜೆಕ್ಷನ್ ಹಾಕದಿರುವುದು, ಬಿಡದೆ ಗಮನಿಸುವುದು ಇವೇ ದೊಡ್ಡ ಚಿಕಿತ್ಸೆ. ಜ್ವರ ಬಿಟ್ಟಿತೆಂದು ಮನೆಗೆ ಹೋದವರಲ್ಲಿ ಕೆಲವರಿಗೆ ಒಂದೆರಡು ವಾರದ ಬಳಿಕ ಮತ್ತೆ ಜ್ವರ ಬಂದು ಮಂಪರು, ಕೈಕಾಲು ನಡುಕ, ಕತ್ತು ಬಿಗಿತ ಕಾಣಿಸಿಕೊಳ್ಳುತ್ತದೆ. ಅದನ್ನು ಮನೆಯವರಿಗೆ ಮೊದಲೇ ಹೇಳಿ ಕಳಿಸಬೇಕು.

ರಕ್ತದ ಮಾದರಿ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಕೂರುತ್ತದೆ. ಶಿರಾಳಕೊಪ್ಪ, ಶಿಕಾರಿಪುರದ ಮೇಲೆ ಹಾದು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ, ಎಲ್ಲರ ಬಾಯಲ್ಲಿ ವಿಡಿಎಲ್‌ಗೆ, ಹೋಗುತ್ತದೆ. ಮೊದಲ ದಿನಗಳ ರಕ್ತವಾದರೆ ಆರ್‌ಟಿಪಿಸಿಆರ್, ದಿನ ಕಳೆದಿದ್ದರೆ ಎಲೈಸಾ. ಎಷ್ಟನೆಯ ದಿನದ ಜ್ವರ ಎಂದು ಚೀಟಿಯಲ್ಲಿ ಸರಿಯಾಗಿ ಬರೆಯದಿದ್ದರೆ ಪರೀಕ್ಷೆಯೇ ದಾರಿ ತಪ್ಪಬಹುದು. ಇತ್ತ ಆಶಾ ಕಾರ್ಯಕರ್ತೆಗೆ ಫೋನ್ ಹೋಗುತ್ತದೆ. ವಾಸನೆ ಬಂದ ಜಾಗ ಹುಡುಕಿ, ಅರಣ್ಯ ಇಲಾಖೆಯವರಿಗೂ ಪಶುವೈದ್ಯರಿಗೂ ತಿಳಿಸಿ, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಎರಚಬೇಕು. ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಹಚ್ಚಲು ಡೇಪಾ ಎಣ್ಣೆ ಹಂಚಬೇಕು. ಆ ಒಂದು ಪ್ರಶ್ನೆ, ಮಂಗ ಸತ್ತದ್ದು ಕಂಡಿರಾ ಎಂಬುದು, ಇಷ್ಟನ್ನೂ ಎಬ್ಬಿಸಿತು. ಅದನ್ನು ಕೇಳಬೇಕೆಂದು ಯಾರೋ ಒಬ್ಬರು, ಯಾವುದೋ ಹಾಲ್‌ನಲ್ಲಿ, ಟೀ ಆರುವ ಹೊತ್ತಿಗೆ ಹೇಳಿಕೊಟ್ಟಿದ್ದರು.

ಕಲಿತದ್ದನ್ನು ಬಿಡುವುದೂ ಈ ಓದಿನ ಭಾಗ. ಕೆಎಫ್‌ಡಿ ಲಸಿಕೆಯ ಕಥೆಯನ್ನೇ ನೋಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು 1990ರಿಂದ ಮಲೆನಾಡಿನ ಹಳ್ಳಿಗಳಲ್ಲಿ ಹಾಕುತ್ತ ಬಂದರು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್. ಚುಚ್ಚಿದ ಜಾಗ ನೋಯುತ್ತದೆಂದು ಜನ ಹಿಂದೇಟು ಹಾಕಿದಾಗ ಮನೆಮನೆಗೆ ಹೋಗಿ ಒಪ್ಪಿಸಿದವರು ಇದೇ ವೈದ್ಯರು, ಇದೇ ನರ್ಸಮ್ಮಂದಿರು. 2005ರಿಂದ 2010ರವರೆಗಿನ ಅಂಕಿಗಳನ್ನು ಅಳೆದು ನೋಡಿದ ಅಧ್ಯಯನವೊಂದು ಎರಡು ಡೋಸು ಪಡೆದವರಲ್ಲಿ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರಷ್ಟು ಎಂದಿತು. ಮುಂದೆ ಲಸಿಕೆಯ ಕಸುವಿನ ಮೇಲೆ ಅನುಮಾನ ಬೆಳೆದು, ಈ ದಶಕದ ಆರಂಭದಲ್ಲಿ ಅದನ್ನು ಹಾಕುವುದೇ ನಿಂತಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಮೂವತ್ತು ವರ್ಷ ಲಸಿಕೆ ಹಾಕಿಸಿಕೊಳ್ಳಿ ಎಂದ ಬಾಯಲ್ಲೇ ಈಗ ಮೈ ತುಂಬ ಬಟ್ಟೆ ತೊಡಿ, ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಕುದಿಸಿ ಎಂದು ಹೇಳಬೇಕು. ಯಾಕೆ ಬದಲಾಯಿತು ಎಂದು ಊರಿನ ಹಿರಿಯರು ಕೇಳಿದರೆ ಉತ್ತರ ಕೊಡಲು ವೈದ್ಯರಿಗೆ ಕಾರಣ ಗೊತ್ತಿರಬೇಕು. ಗೊತ್ತಿಲ್ಲದೆ ತಡವರಿಸಿದರೆ ಮುಂದಿನ ಲಸಿಕೆ ಬಂದಾಗ ಜನ ನಂಬುವುದಿಲ್ಲ.

ಹಾವಿನ ವಿಷಯವೂ ಹಾಗೇ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟು, ಗಾಯ ಕೊಯ್ದು ರಕ್ತ ಹರಿಸು ಎಂದು ಶಾಲೆಯ ಪುಸ್ತಕದಲ್ಲಿ ಓದಿದ ತಲೆಮಾರು ಇನ್ನೂ ಇದೆ. ಇವತ್ತಿನ ಪಾಠ ಅದಕ್ಕೆ ತದ್ವಿರುದ್ಧ: ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ತನ್ನಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ಹೊರಡಿಸಿತು.

ಆ ಗುರಿ ಸೊರಬದಂಥ ಊರಿನಲ್ಲಿ ಒಂದು ಗಾಜಿನ ಕೊಳವೆಯಾಗಿ ಎದುರು ನಿಲ್ಲುತ್ತದೆ. ತರಬೇತಿಯಲ್ಲಿ ಅದನ್ನು ಮಾಡಿ ತೋರಿಸುತ್ತಾರೆ. ಎರಡು ಮಿಲಿಲೀಟರ್ ರಕ್ತ, ಗಾಜಿನ ಕೊಳವೆ, ಇಪ್ಪತ್ತು ನಿಮಿಷ. ಅಲುಗಿಸದೆ ಇಟ್ಟು ಆಮೇಲೆ ಒಮ್ಮೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿದ್ದರೆ ಸರಿ, ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಪರೀಕ್ಷೆ ಇಷ್ಟೇ. ಆದರೆ ಕೊಳವೆ ಪ್ಲಾಸ್ಟಿಕ್ಕಿನದಾದರೆ ಫಲಿತಾಂಶ ತಪ್ಪು. ಗಾಜಿನದೇ ಆಗಿದ್ದು ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ತಪ್ಪು. ಒಳಗೆ ತೇವವಿದ್ದರೂ ತಪ್ಪು. ತಪ್ಪಾದರೆ ಬೇಡದವರಿಗೆ ಪ್ರತಿವಿಷ ಹೋಗುತ್ತದೆ. ಇನ್ನೊಂದು ಸಂಗತಿ: ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ತೋಟಗಳಲ್ಲಿ ಸಿಗುವ, ಮೂತಿ ಮೇಲೆದ್ದ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಬಯಲುಸೀಮೆಯ ಕಾಲೇಜಿನಲ್ಲಿ ಓದಿ ಬಂದವರಿಗೆ ಇದನ್ನು ಹೇಳಿಕೊಡುವವರು ಮಲೆನಾಡಿನಲ್ಲೇ ಕೆಲಸ ಮಾಡಿದ ಹಿರಿಯ ವೈದ್ಯರೇ ಆಗಬೇಕು.

ಮೂವತ್ತು ಗಂಟೆಯ ನಿಯಮವನ್ನು ಈ ಬೆಳಕಿನಲ್ಲಿ ಲೆಕ್ಕ ಹಾಕಿ ನೋಡಿದೆ. ಐದು ವರ್ಷಕ್ಕೆ 30 ಎಂದರೆ ವರ್ಷಕ್ಕೆ 6, ತಿಂಗಳಿಗೆ ಅರ್ಧ ಗಂಟೆ. ಹೊರದೇಶಗಳಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರು ಇದಕ್ಕಿಂತ ಬಹಳ ಹೆಚ್ಚಿನ ಲೆಕ್ಕ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 50 ಗಂಟೆ. ಬ್ರಿಟನ್ನಿನಲ್ಲಿ 2012ರ ಡಿಸೆಂಬರಿನಿಂದ ಪ್ರತಿ ವೈದ್ಯರೂ ಐದು ವರ್ಷಕ್ಕೊಮ್ಮೆ ತಾವು ಇನ್ನೂ ಅರ್ಹರು ಎಂದು ತೋರಿಸಿಕೊಡಬೇಕು. ಅದಕ್ಕೆ ವರ್ಷವರ್ಷವೂ ಹಿರಿಯರ ಮುಂದೆ ಕೂತು ಏನು ಓದಿದೆ, ರೋಗಿಗಳು ಏನೆಂದರು, ಎಲ್ಲಿ ಎಡವಿದೆ ಎಂದು ಒಪ್ಪಿಸಬೇಕು. ನಮ್ಮಲ್ಲಿ 2020ರ ಸೆಪ್ಟೆಂಬರಿನಲ್ಲಿ ಹಳೆಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಡತೆಯ ನಿಯಮಗಳನ್ನು ಹೊರಡಿಸಿತ್ತು. ನಿರಂತರ ಕಲಿಕೆಗೆ ಅದರಲ್ಲಿ ವಿವರವಾದ ಕಟ್ಟಳೆ ಇತ್ತು. ಜೆನೆರಿಕ್ ಔಷಧಿಯನ್ನೇ ಬರೆಯಬೇಕೆಂಬ ಅಂಶಕ್ಕೂ ಮತ್ತಿತರ ಅಂಶಗಳಿಗೂ ವಿರೋಧ ಬಂದು ಅದೇ ತಿಂಗಳ 23ರಂದು ನಿಯಮಗಳನ್ನು ತಡೆಹಿಡಿಯಲಾಯಿತು. 2002ರ ಹಳೆಯ ನಿಯಮವೇ ಉಳಿಯಿತು.

ತಿಂಗಳಿಗೆ ಅರ್ಧ ಗಂಟೆ ಹೆಚ್ಚೇನಲ್ಲ. ಆದರೂ ಸೊರಬದ ಒಳಹಳ್ಳಿಯಲ್ಲಿ ಕೂತ ವೈದ್ಯರಿಗೆ ಅದನ್ನು ಸೇರಿಸುವುದು ಸುಲಭವಲ್ಲ, ಇದನ್ನು ಒಪ್ಪಲೇಬೇಕು. ಅಂಕ ಸಿಗುವ ದೊಡ್ಡ ಸಮ್ಮೇಳನಗಳು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ. ಹತ್ತಿರವೆಂದರೆ ಶಿವಮೊಗ್ಗ: ಮೆಗ್ಗಾನ್ ಆಸ್ಪತ್ರೆಯ ಜೊತೆಗಿರುವ ಸರ್ಕಾರಿ ವೈದ್ಯಕೀಯ ಕಾಲೇಜು, ಭಾರತೀಯ ವೈದ್ಯಕೀಯ ಸಂಘದ ಶಾಖೆ. ಒಬ್ಬರೇ ವೈದ್ಯರಿರುವ ಆರೋಗ್ಯ ಕೇಂದ್ರದಿಂದ ಅವರು ಒಂದು ದಿನ ಹೊರಟರೆ ಅಂದು ಹೊರರೋಗಿಗಳನ್ನು ನೋಡುವವರು ಯಾರು? ಭಾನುವಾರ ಹೋದರೆ ಮನೆಗೆ ಉಳಿಯುವ ಒಂದೇ ದಿನವೂ ಹೋಯಿತು. ಕೋವಿಡ್ ಬಂದ ಮೇಲೆ ವೆಬಿನಾರ್‌ಗಳು ಹೆಚ್ಚಿ ಹಾದಿ ಸ್ವಲ್ಪ ಸಲೀಸಾಯಿತು. ಪರದೆಯ ಮುಂದೆ ಕೂತು ಕೇಳುವುದರಲ್ಲಿ ಲಾಭವಿದೆ, ದೇಶದ ದೊಡ್ಡ ತಜ್ಞರ ಮಾತು ಮನೆಯಲ್ಲೇ ಸಿಗುತ್ತದೆ. ಆದರೆ ಕಾನಿನ ಅಂಚಿನ ನೆಟ್‌ವರ್ಕ್ ನಡುವೆ ನಿಂತುಹೋಗುತ್ತದೆ, ಗಾಜಿನ ಕೊಳವೆ ಹಿಡಿಯುವುದನ್ನು ಪರದೆ ಕಲಿಸುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಅಂಕವೇ ಗುರಿಯಾದರೆ ವಿಷಯ ಯಾವುದಾದರೂ ನಡೆಯುತ್ತದೆ. ಮಂಗನ ಕಾಯಿಲೆಯ ಊರಿನ ವೈದ್ಯರ ಫೈಲಿನಲ್ಲಿ ಚರ್ಮದ ಹೊಳಪು ಹೆಚ್ಚಿಸುವ ಚಿಕಿತ್ಸೆಯ ಪ್ರಮಾಣಪತ್ರ ಇದ್ದು, ಉಣುಗಿನ ಜ್ವರದ ಮೇಲೆ ಒಂದೂ ಇಲ್ಲದೆ ಇರಬಹುದು. ಎರಡಕ್ಕೂ ಅಂಕ ಒಂದೇ. ಔಷಧಿ ಕಂಪನಿಗಳ ಕೈ ಈ ಸಭೆಗಳಿಗೆ ಚಾಚುವುದನ್ನು ಕಂಡೇ 2009ರ ಡಿಸೆಂಬರಿನಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರಯಾಣ, ವಸತಿ ಪಡೆಯುವುದನ್ನು ನಿಷೇಧಿಸಿತು. ಯಾರು ಖರ್ಚು ಹಾಕುತ್ತಾರೋ ಅವರ ಔಷಧಿಯ ರೋಗವೇ ಪಾಠವಾದರೆ, ಯಾವ ಕಂಪನಿಗೂ ಲಾಭ ತಾರದ ಕೆಎಫ್‌ಡಿಯನ್ನು ಕಲಿಸುವವರು ಯಾರು? ಈ ರೋಗ ಬರುವುದು ದರಕು ಹೊರುವವರಿಗೆ, ಸೌದೆ ತರುವವರಿಗೆ. ಅವರಿಗಾಗಿ ಕಲಿಸುವ ಪಾಠದ ಖರ್ಚು ಸರ್ಕಾರದ್ದೇ ಆಗಬೇಕು.

ಕ್ಯಾಸನೂರಿನ ವೈರಸ್ ಈಗ ಕ್ಯಾಸನೂರಿನಲ್ಲೇ ಕೂತಿಲ್ಲ. 2012ರಲ್ಲಿ ಬಂಡೀಪುರದ ಕಡೆ, ಆಮೇಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಪಶ್ಚಿಮ ಘಟ್ಟದುದ್ದಕ್ಕೂ ಕಾಣಿಸಿಕೊಂಡಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಬ್ಬಿಸಿದ ಸಂಕಟ ಮಲೆನಾಡಿನವರಿಗೆ ಮರೆತಿಲ್ಲ. ಹೊಸ ಜಾಗಕ್ಕೆ ಹೋದಾಗಲೆಲ್ಲ ಅಲ್ಲಿನ ವೈದ್ಯರು 1957ರ ಸ್ಥಿತಿಯಲ್ಲೇ ನಿಲ್ಲುತ್ತಾರೆ: ಎದುರಿಗೆ ಜ್ವರ, ಮನಸ್ಸಿನಲ್ಲಿ ಡೆಂಗಿ, ಇಲಿಜ್ವರ, ಟೈಫಾಯ್ಡ್, ಮಂಗನ ಕಾಯಿಲೆ ಕೊನೆಗೆ ಹೊಳೆಯುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ದಿನ ಕಳೆದಿರುತ್ತದೆ. ಸೊರಬ, ಸಾಗರ, ತೀರ್ಥಹಳ್ಳಿಯ ವೈದ್ಯರು ಕಲಿತದ್ದು ಆ ಊರುಗಳ ವೈದ್ಯರಿಗೆ ಬೇಗ ಮುಟ್ಟಿದಷ್ಟೂ ಜೀವಗಳು ಉಳಿಯುತ್ತವೆ.

ಹಾಗಾಗಿ ನನ್ನ ಕೋರಿಕೆ ನೇರವಾದದ್ದು. ಐದು ವರ್ಷಕ್ಕೆ 30 ಅಂಕ ಎಂಬ ನಿಯಮ ಇರಲಿ, ಇನ್ನಷ್ಟು ಬಿಗಿಯೂ ಆಗಲಿ. ಅದರಲ್ಲಿ ಒಂದು ಪಾಲು ವೈದ್ಯರು ಕೆಲಸ ಮಾಡುವ ನೆಲದ ರೋಗಗಳ ಮೇಲೇ ಇರಬೇಕು ಎಂದು ಪರಿಷತ್ತು ಹೇಳಲಿ. ಮಲೆನಾಡಿನ ತಾಲ್ಲೂಕುಗಳಲ್ಲಿ ನವೆಂಬರ್ ಮುಗಿಯುವುದರೊಳಗೆ, ಉಣುಗಿನ ಕಾಲಕ್ಕೆ ಮೊದಲೇ, ಮಾನ್ಯತೆ ಪಡೆದ ತರಬೇತಿ ಪ್ರತಿ ವರ್ಷ ನಡೆಯಲಿ. ಆ ದಿನ ಆರೋಗ್ಯ ಕೇಂದ್ರಗಳಿಗೆ ಬದಲಿ ವೈದ್ಯರನ್ನು ಇಲಾಖೆ ಕಳಿಸಲಿ. ಅದೇ ಹಾಲ್‌ನಲ್ಲಿ ಪಶುವೈದ್ಯರಿಗೂ ಅರಣ್ಯ ರಕ್ಷಕರಿಗೂ ಆಶಾ ಕಾರ್ಯಕರ್ತೆಯರಿಗೂ ಕುರ್ಚಿ ಹಾಕಲಿ. ಸತ್ತ ಮಂಗವನ್ನು ಮೊದಲು ಕಾಣುವವರು ಅವರೇ. ಹಳ್ಳಿಯ ವೈದ್ಯರು ತಾವು ಕಂಡ ಒಂದು ಕೇಸನ್ನು ವಿವರವಾಗಿ ಬರೆದು ಉಳಿದವರ ಮುಂದಿಟ್ಟರೆ ಅದಕ್ಕೂ ಅಂಕ ಕೊಡಲಿ. ಶಿವಮೊಗ್ಗದ ಕಾಲೇಜಿನ ಅಧ್ಯಾಪಕರು ಅದನ್ನು ಕೇಳಲು ಸೊರಬಕ್ಕೆ ಬರಲಿ. ನಾವು ಜನರೂ ಮಾಡಬೇಕಾದದ್ದಿದೆ: ಜ್ವರವೆಂದು ಹೋದಾಗ ಕಾನಿಗೆ ಹೋದದ್ದನ್ನು, ಮಂಗ ಸತ್ತದ್ದನ್ನು ಕೇಳುವ ಮೊದಲೇ ಹೇಳಬೇಕು, ಇಂಜೆಕ್ಷನ್ನಿಗೆ ಹಟ ಹಿಡಿಯಬಾರದು.

1957ರಲ್ಲಿ ಈ ತಾಲ್ಲೂಕಿನ ಕಾಡು ವೈದ್ಯಲೋಕಕ್ಕೆ ಹೊಸ ಪಾಠ ಕಲಿಸಿತು, ಅದಕ್ಕೆ ಬೆಲೆ ತೆತ್ತವರು ಇಲ್ಲಿನ ಬಡವರು. ಮುಂದಿನ ಪಾಠವನ್ನು ಅವರ ಜೀವ ತೆತ್ತು ಕಲಿಯುವಂತಾಗಬಾರದು. ಇಲ್ಲಿಗೆ ಬರುವ ಪ್ರತಿ ವೈದ್ಯರಿಗೂ ಇಲ್ಲಿನ ರೋಗಗಳನ್ನು ಇಲ್ಲೇ, ಸಕಾಲಕ್ಕೆ ಕಲಿಸುವುದು ಪರಿಷತ್ತಿನ, ಇಲಾಖೆಯ ಹೊಣೆ. ಆ ಹೊಣೆಯನ್ನು ನೆನಪಿಸುತ್ತಲೇ ಇರುವುದು ನಮ್ಮದು.